ಇಳಿತ ನೋಡಿ ಹೊರಡಿ

ಡಿಸೆಂಬರ್ ಮುಗಿಯುವಷ್ಟರಲ್ಲಿ ಬೆಂಗಳೂರಿನವರಿಗೆ ಸ್ವೆಟರ್ ಸಾಕಾಗಿರುತ್ತದೆ, ಬೀದರಿನವರು ಬೆಳಗಿನ ನಡುಕಕ್ಕೆ ಹೈರಾಣಾಗಿರುತ್ತಾರೆ. ಬೆಚ್ಚಗಿನ ಊರು ಬೇಕೆಂದರೆ ಗೋವಾ, ಇಲ್ಲವೇ ಗೋಕರ್ಣದ ಓಂ ಬೀಚ್ ಎನ್ನುವುದು ರೂಢಿ. ಈ ಸಲ ಅದೇ ಗೋಕರ್ಣದ ಮಗ್ಗುಲಿನ ಅಘನಾಶಿನಿ ಅಳಿವೆಗೆ ಹೋಗಿ. ಮರಳಿನ ಮೇಲೆ ಮೈಚಾಚುವ ಸುಖ ಎಲ್ಲಿಯಾದರೂ ಸಿಗುತ್ತದೆ. ಕಡಲು ಹೊಳೆಯೊಳಗೆ ಬಂದು ಹೋಗುವುದನ್ನು ಕಣ್ಣಾರೆ ಕಾಣುವ ಸುಖ ಸಿಗುವುದು ಇಂಥ ಕೆಲವೇ ಕಡೆ.

ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಯಾವ ದೊಡ್ಡ ಅಣೆಕಟ್ಟಿಗೂ ಸಿಲುಕದೆ ತದಡಿಯ ಬಳಿ ಕಡಲು ಸೇರುತ್ತದೆ. ಈ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಪಟ್ಟಿಯ ಮಾತು ಹಾಗಿರಲಿ, ಇಳಿತದ ಹೊತ್ತಿಗೆ ದಡಕ್ಕೆ ಬನ್ನಿ. ನೀರು ಸರಿದ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಊರುಗೋಲಿನಂಥ ಬೇರುಗಳು ಬಯಲಾಗಿರುತ್ತವೆ. ಅವುಗಳ ಬುಡದಲ್ಲಿ ಪುಟ್ಟ ಪುಟ್ಟ ಏಡಿಗಳು. ಗಂಡೇಡಿಗೆ ಒಂದು ಕೊಂಡಿ ಮಾತ್ರ ಮೈಗಿಂತ ದೊಡ್ಡದು. ಹೆಣ್ಣನ್ನು ಕರೆಯಲು ಅದನ್ನೇ ಎತ್ತಿ ಎತ್ತಿ ಬೀಸುತ್ತದೆ. ನಿಮ್ಮ ನೆರಳು ಬಿದ್ದರೆ ಸಾಕು, ಅಷ್ಟೂ ಬಿಲ ಸೇರುತ್ತವೆ. ಅಲುಗಾಡದೆ ನಿಂತರೆ ಒಂದೊಂದಾಗಿ ಮತ್ತೆ ಹೊರಗೆ ಬರುತ್ತವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟವನ್ನು ನಾನು ಕಂಡಿಲ್ಲ.

ಅದೇ ಇಳಿತದಲ್ಲಿ ಊರಿನ ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸಲು ನೀರಿಗಿಳಿಯುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ಅಂಗಾಲಿನಿಂದಲೇ ಚಿಪ್ಪು ಎಲ್ಲಿದೆಯೆಂದು ತಡವಿ ನೋಡಿ, ಬಗ್ಗಿ ಕೈಯಲ್ಲಿ ಎತ್ತುತ್ತಾರೆ. ಉಬ್ಬರ ಏರುವುದರೊಳಗೆ ಅಂದಿನ ದುಡಿಮೆ ಮುಗಿಯಬೇಕು. ಕ್ಯಾಮೆರಾ ತೆಗೆಯುವ ಮುಂಚೆ ‘ಅಕ್ಕಾ, ತೆಗೀಲಾ?’ ಎಂದು ಕೇಳಿ. ಅವರ ಬಳಿಯೇ ಬಳಚು ಕೊಂಡು, ಉಳಿದುಕೊಂಡ ಮನೆಯಲ್ಲಿ ತೆಂಗಿನಕಾಯಿ ಅರೆದು ಸುಕ್ಕ ಮಾಡಿಸಿಕೊಳ್ಳಿ.

ಹೊಳೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಚಳಿಗಾಲದ ಹೊತ್ತಿಗೆ ಅದರ ಕೊಯ್ಲು ಮುಗಿದು, ಒಡ್ಡಿನ ಬಾಗಿಲಿನಿಂದ ಉಪ್ಪುನೀರು ಒಳಬಂದಿರುತ್ತದೆ. ನೀರಿನ ಜೊತೆ ಮೀನು ಸಿಗಡಿ, ಅವುಗಳ ಹಿಂದೆ ಹಕ್ಕಿಗಳು. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನೂ ಬಿಡಬೇಡಿ. ಉಪ್ಪಿನ ರಾಶಿ ನೋಡಬೇಕೆಂದರೆ ಪ್ರವಾಸವನ್ನು ಫೆಬ್ರುವರಿಗೆ ಮುಂದೂಡುವುದು ಮೇಲು.

ಹೆಚ್ಚು ದಿನ ರಜೆಯಿದ್ದವರಿಗೆ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ವನದೊಳಗೆ ಮರದ ಕಾಲುದಾರಿಯಿದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಉಂಟು. ಕಡಲಿನ ನೀರು ತಿಳಿಯಾಗಿರುವುದು ಈ ತಿಂಗಳುಗಳಲ್ಲೇ.

ಇನ್ನು ದಿನ ಆರಿಸುವ ವಿಚಾರ. ನನಗೆ ಮುಖ್ಯವಾದದ್ದು ಇದೇ. ಎಲ್ಲರೂ ಮೊದಲು ರೂಮು ಹುಡುಕುತ್ತಾರೆ, ನೀವು ಮೊದಲು ಪಂಚಾಂಗ ತೆಗೆಯಿರಿ. ನೀರು ಅತಿ ಹೆಚ್ಚು ಏರಿಳಿಯುವುದು ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ. ಆದರೆ ಈ ಕರಾವಳಿಯಲ್ಲಿ ಆ ದಿನಗಳ ಬೆಳಗಿನ ಇಳಿತ ನಸುಕಿನಲ್ಲೇ ಆಗಿಹೋಗುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಬರುವುದರಿಂದ, ಮೂರನೇ ನಾಲ್ಕನೇ ದಿನಕ್ಕೆ ಅದು ಎಳೆಬಿಸಿಲಿನ ಹೊತ್ತಿಗೆ ಬರುತ್ತದೆ. ಆಗ ಘಟ್ಟದ ಕಡೆಯ ಗಾಳಿ ಮೆಲ್ಲಗೆ ಬೀಸುತ್ತ ನೀರೂ ಶಾಂತವಾಗಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಸಣ್ಣ ದೋಣಿಯಲ್ಲಿ ಹೋಗುವವರಿಗೆ ಆ ನೆಮ್ಮದಿಯಿಲ್ಲ. ಅಷ್ಟಮಿಯ ಹತ್ತಿರ ಹೋದರೆ ನೀರು ಅಷ್ಟಾಗಿ ಇಳಿಯುವುದೇ ಇಲ್ಲ.

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಕುಮಟಾ. ಅಲ್ಲಿಂದ ಅಘನಾಶಿನಿ ಊರಿಗೆ ಹೋಗಿ, ತಾರಿ ದೋಣಿಯಲ್ಲಿ ತದಡಿಗೆ ದಾಟಿ. ಸೇತುವೆಯ ಮೇಲಿನಿಂದ ಕಾರಿನಲ್ಲಿ ಬಂದವರಿಗೆ ಅಳಿವೆಯ ಅಗಲ ಗೊತ್ತಾಗುವುದಿಲ್ಲ.