ಹತ್ತಿರಕ್ಕೆ ಕೇಳದ ಕೂಗು

ಕ್ರಿಸ್ತಿಯಾನ್-ಜಾಕ್ ನಿರ್ದೇಶಿಸಿದ 1956ರ ಫ್ರೆಂಚ್ ಚಿತ್ರ ‘ಸಿ ತೂ ಲೆ ಗಾರ್ ದ್ಯು ಮೋಂದ್’. ಯೂರೋಪಿನ ಉತ್ತರದ ಕಡಲಲ್ಲಿ ಮೀನುಗಾರಿಕೆ ಹಡಗಿನವರು ಕೆಟ್ಟ ಆಹಾರ ತಿಂದು ಮಲಗಿದ್ದಾರೆ. ಅವರ ಮೊರೆ ಮೊದಲು ಕೇಳಿಸುವುದು ಆಫ್ರಿಕದ ಟೋಗೋದಲ್ಲಿರುವ ಹವ್ಯಾಸಿ ರೇಡಿಯೊಗಾರನಿಗೆ! ಸುದ್ದಿ ಒಬ್ಬರಿಂದೊಬ್ಬರಿಗೆ ದಾಟಿ ಔಷಧ ಹೊರಡುತ್ತದೆ. ಕಥೆ ಹಿಡಿದು ಕೂರಿಸುತ್ತದೆ, ನಿಜ. ಆದರೆ ಚಿತ್ರದ ಒತ್ತೆಲ್ಲ ಮನುಷ್ಯರ ಸೌಹಾರ್ದದ ಮೇಲೆ. ಅಯಾನುಗೋಳಕ್ಕೆ ಅದರ ಪಾಲು ಸಂದಿಲ್ಲ. ಹ್ರಸ್ವ ತರಂಗಗಳು ಅಲ್ಲಿಂದ ಬಾಗಿ ಬಹುದೂರದಲ್ಲಿ ನೆಲಕ್ಕಿಳಿಯುತ್ತವೆ. ನಡುವೆ ಉಳಿಯುವುದು ಮೌನವಲಯ. ಪ್ರವಾಹದ ದಿನ ಪಕ್ಕದ ಜಿಲ್ಲೆಯ ಸುದ್ದಿಗಾಗಿ 14 ಮೆಗಾಹರ್ಟ್ಸ್‌ನಲ್ಲಿ ಕಾದು ಕುಳಿತವರ ತಲೆಯ ಮೇಲೆಯೇ ಅದು ಹಾರಿಹೋದೀತು. ಹಗಲಿನಲ್ಲಿ ಸಾಮಾನ್ಯವಾಗಿ 7 ಮೆಗಾಹರ್ಟ್ಸ್ ಒದಗುತ್ತದೆ. ಅದಕ್ಕೂ ಆಂಟೆನಾ ನೆಲಕ್ಕೆ ಸಮೀಪದಲ್ಲಿ ಅಡ್ಡಲಾಗಿದ್ದರೆ ಒಳ್ಳೆಯದು. ತರಗತಿಗೆ ಈ ಚಿತ್ರ ತೋರಿಸುವ ಶಿಕ್ಷಕರು ಮೊದಲು ಕರಿಹಲಗೆಯಲ್ಲಿ ಮೌನವಲಯದ ನಕ್ಷೆ ಬರೆಯಲಿ.