ಸಭೆಯ ಪ್ರಾರ್ಥನೆ: ‘ಕರುಣಾಳು ಬಾ ಬೆಳಕೆ’ಯನ್ನು ಕುರಿತು

ನಮ್ಮ ಸಭೆಗಳಲ್ಲಿ ಪ್ರಾರ್ಥನೆಯು ಇಂದು ಕಾರ್ಯಕ್ರಮ ಪಟ್ಟಿಯ ಮೊದಲ ಬಾಬು. ಸ್ವಾಗತ ಭಾಷಣಕ್ಕೆ ಮುಂಚೆ ಮುಗಿಯತಕ್ಕದ್ದು. ಒಂಟಿ ಜೀವವೊಂದರ ಮೊರೆಯು ಹೀಗೆ ಸಾರ್ವಜನಿಕ ವಿಧಿಯಾದಾಗ ಅದರಲ್ಲಿ ಉಳಿಯುವುದೇನು, ಅಳಿಯುವುದೇನು? ಇದನ್ನು ಪರಿಶೀಲಿಸಲು ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದ ಈ ಕವಿತೆಗಿಂತ ಉಚಿತವಾದ ನಿದರ್ಶನ ನಮಗೆ ತೋರದು.

ಮೂಲವನ್ನು ಜಾನ್ ಹೆನ್ರಿ ನ್ಯೂಮನ್ ರಚಿಸಿದ್ದು 1833ರ ಜೂನ್ ತಿಂಗಳಲ್ಲಿ. ಸಿಸಿಲಿಯಲ್ಲಿ ತೀವ್ರ ಜ್ವರದಿಂದ ಸಾವಿನ ಅಂಚಿಗೆ ಹೋಗಿ ಬಂದು, ಕಿತ್ತಳೆ ಸಾಗಿಸುವ ಹಡಗೊಂದರಲ್ಲಿ ಮಾರ್ಸೇಲ್ಸಿಗೆ ಹೊರಟಿದ್ದ ಆತ, ಗಾಳಿಯಿಲ್ಲದೆ ಬೊನಿಫಾಚಿಯೊ ಜಲಸಂಧಿಯಲ್ಲಿ ತಡೆದು ನಿಂತಿದ್ದ. ಆಗ ಆತನಿಗೆ 32 ವರ್ಷ. ಡೈಕ್ಸನ ಪ್ರಸಿದ್ಧ ಸ್ವರಸಂಯೋಜನೆ ಬಂದದ್ದು 1865ರಲ್ಲಿ. ಸಭೆ ಅದನ್ನು ತನ್ನದಾಗಿಸಿಕೊಂಡದ್ದು ಆಮೇಲಿನ ಮಾತು.

ಮೂಲದಲ್ಲಿಯೇ ದೇವರ ಹೆಸರಿಲ್ಲ. ಇಸ್ರೇಲಿನ ಜನಕ್ಕೆ ಮರುಭೂಮಿಯಲ್ಲಿ ದಾರಿ ತೋರಿದ ಮೇಘಸ್ತಂಭವನ್ನು ಸ್ಮರಿಸುವ ಶಿರೋನಾಮೆಯೊಂದಿತ್ತು. ಅದು ನಮ್ಮ ಗಾಯಕರನ್ನು ಮುಟ್ಟಲಿಲ್ಲ. ಕೊನೆಯಲ್ಲಿ ಮೂಲವು ಕಾಣುವುದು ದೇವದೂತರ ಮುಖಗಳನ್ನು, ಬಹುವಚನದಲ್ಲಿ. ಕನ್ನಡದಲ್ಲಿ ದೇವದೂತರು ಮರೆಯಾಗಿ ಒಂದೇ ಮುಖ ಉಳಿದಿದೆ. ಇದು ಅನುವಾದದ ಲೋಪವೆಂದು ನಾವು ಎಣಿಸುವುದಿಲ್ಲ. ಶ್ರೀಯವರು ಅಲ್ಲಿ ಕ್ರೈಸ್ತ ಭಕ್ತನ ಬಯಕೆಯನ್ನು ಯಾವ ಮತದವನೂ ತನ್ನದೆನ್ನಬಹುದಾದ ಬಯಕೆಯಾಗಿ ತಿದ್ದಿದ್ದಾರೆ. ನಾನಾ ಮತದವರು ಸೇರುವ ಸಭೆಗೆ ಈ ಗೀತೆ ಒಗ್ಗಿದ್ದು ಇದರಿಂದಲೇ.

ತೊಡಕಿರುವುದು ಎರಡನೆಯ ನುಡಿಯಲ್ಲಿ. ಅದು ತಪ್ಪೊಪ್ಪಿಗೆ: ತನ್ನ ದಾರಿಯನ್ನು ತಾನೇ ಆರಿಸಿ ಸೊಕ್ಕಿನಿಂದ ಮೆರೆದ ದಿನಗಳ ಪಶ್ಚಾತ್ತಾಪ. ಹತ್ತು ವರ್ಷದ ಬಾಲಕನೊಬ್ಬ ಶಾಲೆಯ ಅಂಗಳದಲ್ಲಿ ನಿಂತು ಇದನ್ನು ಹಾಡುವಾಗ ಪಶ್ಚಾತ್ತಾಪಕ್ಕೆ ವಿಷಯವೇನು? (ಮನೆಪಾಠ ಬರೆಯದಿದ್ದುದು ಇರಬಹುದು!) ಬಾಯಿಯ ಮಾತಿಗೂ ಬಾಳಿನ ಅನುಭವಕ್ಕೂ ಇರುವ ಈ ಅಂತರವೇ ಸಾಮೂಹಿಕ ಪ್ರಾರ್ಥನೆಯನ್ನು ಟೊಳ್ಳಾಗಿಸುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಹಾಗಾದರೆ ಆ ನುಡಿಯನ್ನು ಬಿಡೋಣವೆನ್ನುವವರೂ ಉಂಟು.

ನಮಗೆ ಇದು ಒಪ್ಪಿಗೆಯಿಲ್ಲ. ಇಡೀ ದಾರಿಯನ್ನು ಕಾಣುವ ಹಟ ಬೇಡ, ಮುಂದಿನ ಹೆಜ್ಜೆಗೆ ಬೇಕಾದಷ್ಟು ಬೆಳಕು ಸಾಕೆಂಬುದು ಮೊದಲ ನುಡಿಯ ಬೇಡಿಕೆ. ಅಂಜುಬುರುಕನ ಬಾಯಲ್ಲಿ ಅದು ಬರಿಯ ಅಧೈರ್ಯ. ಸ್ವಂತ ಬುದ್ಧಿಯನ್ನೇ ನಂಬಿ ಬಹುದೂರ ನಡೆದವನ ಬಾಯಲ್ಲಿ ಮಾತ್ರ ಅದಕ್ಕೆ ಬೆಲೆ. ಆತ ಅಂಥವನೆಂದು ತಿಳಿಯುವುದು ಎರಡನೆಯ ನುಡಿಯಿಂದ. ವೇಳೆಯಿಲ್ಲವೆಂದು ಕತ್ತರಿಸಲೇಬೇಕಾದರೆ ಸ್ವಾಗತ ಭಾಷಣವನ್ನು ಕತ್ತರಿಸಬಹುದು.