ಶಿಕ್ಷಣತತ್ತ್ವ ಮತ್ತು ಶರಣರ ಕಾಯಕ: ಒಂದು ವಿಮರ್ಶೆ

ಭಾರತೀಯ ಶಿಕ್ಷಣತತ್ತ್ವವನ್ನು ಕುರಿತ ಪಠ್ಯಗ್ರಂಥಗಳು ಸಾಮಾನ್ಯವಾಗಿ ಗುರುಕುಲದಿಂದ ಹೊರಟು, ನಳಂದೆಯನ್ನು ಹಾದು, ನೇರವಾಗಿ ವಿವೇಕಾನಂದ, ರವೀಂದ್ರ, ಅರವಿಂದ, ಗಾಂಧೀಜಿಯವರಲ್ಲಿಗೆ ಬಂದು ನಿಲ್ಲುತ್ತವೆ. ಶಿವಮೊಗ್ಗೆಯಲ್ಲಿಯೋ ಭದ್ರಾವತಿಯಲ್ಲಿಯೋ ಕುಳಿತು ಓದುವ ಶಿಕ್ಷಕವಿದ್ಯಾರ್ಥಿಗೆ, ಅಲ್ಲಮಪ್ರಭು ಅಕ್ಕಮಹಾದೇವಿಯರ ಜನ್ಮಭೂಮಿ ತನ್ನ ಜಿಲ್ಲೆಯಲ್ಲಿಯೇ ಇರುವುದು ಆ ಪುಟಗಳಿಂದ ತಿಳಿಯುವಂತಿಲ್ಲ. ಈ ಲೋಪವನ್ನು ತುಂಬಹೊರಟ ಭಕ್ತಲೇಖಕರಾದರೋ ಅನುಭವಮಂಟಪವನ್ನು ವಿಶ್ವವಿದ್ಯಾನಿಲಯವೆಂದು ಕರೆದು ತೃಪ್ತರಾಗುತ್ತಾರೆ. ಬಿರುದು ಕೊಟ್ಟಮಾತ್ರಕ್ಕೆ ವಿಚಾರ ಮುಗಿಯದು.

ವಿಶ್ವವಿದ್ಯಾನಿಲಯವೆಂಬ ಮಾತು ಸಲ್ಲುವುದಾದರೆ ಅದು ಬಳ್ಳಿಗಾವೆಯ ಕೋಡಿಯಮಠಕ್ಕೆ ಹೆಚ್ಚು ಸಲ್ಲುತ್ತದೆ. 1162ರ ಶಾಸನವು ಅಲ್ಲಿ ನಾಲ್ಕು ವೇದಗಳು, ಪಾಣಿನಿ ಶಾಕಟಾಯನಾದಿಗಳ ವ್ಯಾಕರಣ, ಷಡ್ದರ್ಶನ, ಪುರಾಣ, ಕಾವ್ಯನಾಟಕಗಳ ವ್ಯಾಸಂಗ ನಡೆಯುತ್ತಿದ್ದುದನ್ನು ಹೇಳುತ್ತದೆ. ಬೌದ್ಧದರ್ಶನವೂ ಆ ಪಟ್ಟಿಯಲ್ಲಿದೆ. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಆಗ ನಾಡನ್ನಾಳುತ್ತಿದ್ದವನು ಕಳಚುರಿ ಬಿಜ್ಜಳ. ಅದೇ ಅರಸನ ಕಲ್ಯಾಣದಲ್ಲಿ ಶರಣರು ಕೂಡಿದ್ದರು. ಮಠದ ಔದಾರ್ಯ ದೊಡ್ಡದು. ಆದರೆ ಅದರ ವಿದ್ಯೆ ಶಾಸ್ತ್ರಗ್ರಂಥದ ವಿದ್ಯೆ. ಶರಣರು ಬದಲಿಸಿದ್ದು ಪಠ್ಯಕ್ರಮವನ್ನಲ್ಲ, ಯಾರು ಯಾರಿಗೆ ಯಾವ ನುಡಿಯಲ್ಲಿ ಕಲಿಸಬಹುದೆಂಬುದನ್ನು.

ಶೂನ್ಯಸಂಪಾದನೆಯ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಪ್ರಸಂಗವನ್ನೇ ನೋಡಬಹುದು. ಮಾರಯ್ಯ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿದೆಯೆಂದು ಎಚ್ಚರಿಸಿದವಳು ಲಕ್ಕಮ್ಮ. ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಗೇ ಹಿಂತಿರುಗಿಸೆಂದವಳೂ ಅವಳೇ. ಅಂಗಳದ ಅಕ್ಕಿಯನ್ನು ಆಯ್ದು ಬದುಕುವ ಮನೆಯ ಹೆಣ್ಣುಮಗಳು ಇಲ್ಲಿ ಗಂಡನಿಗೆ ಗುರು. ಪಾಠದ ವಸ್ತು ಅಂದಿನ ಅಕ್ಕಿ. ತತ್ತ್ವಶ್ರವಣವೇ ದುಡಿಮೆಗೆ ತಡೆಯಾದರೆ ಆ ಶ್ರವಣವೂ ಪ್ರಶ್ನಾರ್ಹವೆಂಬ ದಿಟ್ಟತನ ಶಿಕ್ಷಣಗ್ರಂಥಗಳಲ್ಲಿ ವಿರಳ. ಶೂನ್ಯಸಂಪಾದನೆ ಹದಿನೈದನೆಯ ಶತಮಾನದ ಸಂಕಲನವೆಂಬುದನ್ನು ಮಾತ್ರ ಮರೆಯಬಾರದು. ಅದನ್ನು ಕಲ್ಯಾಣದ ದಿನಚರಿಯಂತೆ ಓದುವುದು ಪಾಂಡಿತ್ಯವಲ್ಲ.

1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಗಾಂಧೀಜಿಯವರ ಮೂಲಶಿಕ್ಷಣಕ್ಕೂ ಕಾಯಕತತ್ತ್ವಕ್ಕೂ ಹೋಲಿಕೆ ಉಂಟು. ಆದರೆ ಅಲ್ಲಿ ನೂಲುವ ಕೈ ಮಗುವಿನದು, ಕಸುಬು ಕಲಿಕೆಯ ಸಾಧನ. ಇಲ್ಲಿ ಕಾಯಕ ವಯಸ್ಕನ ಬಾಳು. ಅದರ ಫಲ ದಾಸೋಹಕ್ಕೆ. ಎರಡೂ ಒಂದೇ ಎನ್ನುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ.

ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ನಿಲ್ಲಿಸಿದ ವಿಶ್ವೇಶ್ವರಯ್ಯನವರನ್ನೂ ಈ ಚರ್ಚೆಯಿಂದ ಬಿಡುವಂತಿಲ್ಲ. ಅವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಕಾರ್ಖಾನೆಯಿಂದ ತಮಗೆ ಬರಬೇಕಾದ ಸಂಭಾವನೆಯನ್ನು ಅವರು ತಾವಿಟ್ಟುಕೊಳ್ಳದೆ ಬೆಂಗಳೂರಿನ ಔದ್ಯೋಗಿಕ ತರಬೇತಿ ಸಂಸ್ಥೆಗೆ ಕೊಡಿಸಿದರು. 1943ರಲ್ಲಿ ಆರಂಭವಾದ ಅದಕ್ಕೆ ಜಯಚಾಮರಾಜೇಂದ್ರರ ಹೆಸರನ್ನಿಡಿಸಿದರು. ಅವರ ತರ್ಕ ಕೈಗಾರಿಕೆಯದು, ಭಕ್ತಿಯದಲ್ಲ. ಆದರೂ ಈ ಒಂದು ನಡೆ ದಾಸೋಹದ ಮೇಲಿನ ಹಲವು ಪ್ರಬಂಧಗಳಿಗಿಂತ ದಾಸೋಹಕ್ಕೆ ಸಮೀಪ.

ಪಠ್ಯಕಾರರ ಲೋಪಕ್ಕೆ ಒಂದು ಕಾರಣವೂ ಇದೆ. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಭದ್ರಾವತಿಯ ಕುಲುಮೆ ಉರಿದದ್ದೂ ಅದೇ ವರ್ಷ. ಅಲ್ಲಿಯವರೆಗೆ ವಚನಗಳು ಬಹುಮಟ್ಟಿಗೆ ತಾಳೆಗರಿಗಳಲ್ಲಿಯೇ ಇದ್ದವು. ಇಂದು ಆ ನೆಪ ಉಳಿದಿಲ್ಲ. ಲಕ್ಕಮ್ಮನ ಪ್ರಸಂಗಕ್ಕೆ ಎರಡು ಪುಟ ಸಾಕು.